ಟೈಮ್ ಈಸ್ ಮನಿ ಅಂತೆ. ಯಾರ ಟೈಮು, ಯಾರ ಮನಿ?

ಯಾವುದೇ ತಾಲೂಕು ಊರಿನ ಬಸ್ ಸ್ಟ್ಯಾಂಡ್ ಎದುರಿನ ಕಾಂಪ್ಲೆಕ್ಸ್ ನೋಡಿ. ಕೆಳಗೆ ಮೊಬೈಲ್ ಅಂಗಡಿ, ಜೆರಾಕ್ಸ್ ಅಂಗಡಿ. ಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಫೀ ಕಟ್ಟಿದವರ ವಾಟ್ಸಾಪಿಗೆ ಒಂದು ಪಿಡಿಎಫ್ ಬರುತ್ತದೆ. ಟೈಮ್ ಬಗ್ಗೆ ಇಷ್ಟು ಇಡಿಯಮ್‌ಗಳು, ಬಾಯಿಪಾಠ ಮಾಡಿ, ಇಂಟರ್‌ವ್ಯೂನಲ್ಲಿ ಒಂದೆರಡು ಬಿಡಿ, ಎದುರಿನವರು ಇಂಪ್ರೆಸ್ ಆಗುತ್ತಾರೆ ಅಂತ. ಟೈಮ್ ಈಸ್ ಮನಿ. ಕಿಲ್ಲಿಂಗ್ ಟೈಮ್. ಇಲೆವೆಂತ್ ಅವರ್. ಒನ್ಸ್ ಇನ್ ಎ ಬ್ಲೂ ಮೂನ್. ಅಟ್ ದಿ ಎಂಡ್ ಆಫ್ ದಿ ಡೇ.

ಈ ಪಿಡಿಎಫ್ ಮೇಲೆ ನನಗೆ ಸಿಟ್ಟಿದೆ. ಇಂಗ್ಲಿಷ್ ಮೇಲೆ ಅಲ್ಲ. ಇಂಗ್ಲಿಷ್ ಬೇಕು. ಬ್ಯಾಂಕಿನ ಫಾರಂ ಇಂಗ್ಲಿಷ್, ಔಷಧದ ಚೀಟಿ ಇಂಗ್ಲಿಷ್, ಹೈಕೋರ್ಟಿನ ಆದೇಶ ಇಂಗ್ಲಿಷ್. ಕಲಿಯಬೇಡಿ ಅನ್ನುವವರು ತಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿದ್ದಾರೆ ಅಂತ ಮೊದಲು ಕೇಳಿ. ನನ್ನ ಜಗಳ ಬೇರೆ. ಈ ಮಾತುಗಳ ಜೊತೆಗೆ ಪುಕ್ಕಟೆಯಾಗಿ ಒಂದು ಪಾಠ ಬರುತ್ತದೆ. ಅವರಿಗೆ ಟೈಮಿನ ಬೆಲೆ ಗೊತ್ತು, ನಮ್ಮ ಹಳ್ಳಿ ಜನಕ್ಕೆ ಗೊತ್ತಿಲ್ಲ ಅಂತ. ಕ್ಲಾಸಿಗೆ ಹತ್ತು ನಿಮಿಷ ತಡವಾಗಿ ಬಂದ ಹುಡುಗನಿಗೆ 'ಇಂಡಿಯನ್ ಟೈಮಾ?' ಅಂತ ನಗಾಡುವುದು ಎಷ್ಟು ಸಲೀಸು! ಆ ಹುಡುಗನ ಊರಿಗೆ ಇರುವುದು ಒಂದೇ ಬಸ್ಸು, ಅದು ಬಂದಾಗ ಬರುತ್ತದೆ.

ಹಳ್ಳಿಯವರಿಗೆ ಟೈಮಿನ ಬೆಲೆ ಗೊತ್ತಿಲ್ಲವಂತೆ. ಹಾಲಿನ ಡೈರಿಗೆ ಮುಂಜಾನೆ ಹೋಗಿ ನೋಡಿ. ಕ್ಯಾನ್ ಗಾಡಿ ಹೋದ ಮೇಲೆ ಬಂದವರ ಹಾಲನ್ನು ಯಾರೂ ಅಳೆಯುವುದಿಲ್ಲ. ಅದಕ್ಕೇ ಯಾರೂ ತಡವಾಗಿ ಬರುವುದಿಲ್ಲ. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟು ಬಂದರೆ, ಅಲಾರಂ ಇಲ್ಲದೆ ಎದ್ದು ಬ್ಯಾಟರಿ ಹಿಡಿದು, ಹಾವು ಚೇಳಿನ ನಡುವೆ ನೀರು ಕಟ್ಟಲು ಹೋಗುವವರು ಯಾರು? ಆ ಪಿಡಿಎಫ್‌ನಲ್ಲಿ 'ಬರ್ನಿಂಗ್ ದಿ ಮಿಡ್‌ನೈಟ್ ಆಯಿಲ್' ಅಂತ ಒಂದಿದೆ. ದೀಪದ ಎಣ್ಣೆ ಸುಟ್ಟು ಅರ್ಧರಾತ್ರಿವರೆಗೆ ಓದುವುದು ಅಂತ ಅರ್ಥ. 1635ರಲ್ಲಿ ಫ್ರಾನ್ಸಿಸ್ ಕ್ವಾರ್ಲ್ಸ್ ಎಂಬ ಇಂಗ್ಲಿಷ್ ಕವಿಯ ಬರಹದಲ್ಲೇ ಅದು ಸಿಗುತ್ತದೆ. ಕವಿ ಓದಲು ಎಣ್ಣೆ ಸುಟ್ಟ, ಅದು ಇಡಿಯಮ್ ಆಯಿತು. ಪಂಪ್‌ಸೆಟ್ ಮುಂದೆ ರಾತ್ರಿ ಕಳೆದವನಿಗೆ 'ಟೈಮ್ ಸೆನ್ಸ್ ಇಲ್ಲ' ಅನ್ನೋ ಬಿರುದು.

ಮೊದಲು ಸಣ್ಣ ಜಗಳ ಮುಗಿಸೋಣ, ಅನುವಾದದ್ದು.

'ಮೇಕ್ ಹೇ ವೈಲ್ ದಿ ಸನ್ ಶೈನ್ಸ್' ಎಂಬುದಕ್ಕೆ 'ಸೂರ್ಯ ಹೊಳೆಯುವಾಗಲೇ ಹುಲ್ಲು ಮಾಡು' ಎಂದು ಬರೆದುಕೊಂಡ ನೋಟ್‌ಬುಕ್ ನೋಡಿದ್ದೇನೆ. ಹುಲ್ಲು ಮಾಡುವುದು ಅಂದರೇನು? ನಮ್ಮ ಕಡೆ ಸೂರ್ಯ ಯಾವಾಗ ಹೊಳೆಯುವುದಿಲ್ಲ? ಏಪ್ರಿಲ್‌ನಲ್ಲಿ ಸ್ವಲ್ಪ ಕಡಿಮೆ ಹೊಳೆಯಪ್ಪಾ ಅಂತ ಬೇಡಿಕೊಳ್ಳುವ ಜನ ನಾವು. ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲೂ ಯಾವಾಗ ಬೇಕಾದರೂ ಮಳೆ. ಕೊಯ್ದ ಹುಲ್ಲು ಒಣಗದಿದ್ದರೆ ಕೊಳೆಯುತ್ತದೆ, ಚಳಿಗಾಲದಲ್ಲಿ ದನಕ್ಕೆ ಮೇವಿಲ್ಲ. ಹಾಗಾಗಿ ಬಿಸಿಲು ಬಿದ್ದ ಎರಡು ಮೂರು ದಿನದಲ್ಲೇ ಹುಲ್ಲು ಒಣಗಿಸಿ ಬಣವೆ ಒಟ್ಟಬೇಕು. 1546ರಲ್ಲಿ ಜಾನ್ ಹೇವುಡ್ ಅಚ್ಚು ಹಾಕಿಸಿದ ಗಾದೆ ಪುಸ್ತಕದಲ್ಲೇ ಈ ಮಾತಿದೆ. ಅದು ರೈತರ ಮಾತು, ಅವರ ಹವಾಮಾನದ ಮಾತು. ಅದೇ ಅರ್ಥಕ್ಕೆ ನಮ್ಮ ಕಣದಲ್ಲಿ ಹುಟ್ಟಿದ ಮಾತು 'ಗಾಳಿ ಬಂದಾಗ ತೂರಿಕೋ'. ಅವರಿಗೆ ಬಿಸಿಲು ಅಪರೂಪ, ನಮಗೆ ರಾಶಿ ಮಾಡುವಾಗ ಗಾಳಿ ಅಪರೂಪ. ಎರಡೂ ಊರಿನ ರೈತ ಒಂದೇ ಕಷ್ಟ ಹೇಳುತ್ತಿದ್ದಾನೆ. ಮೇಷ್ಟ್ರು ಇದನ್ನು ಎರಡು ನಿಮಿಷ ಹೇಳಿದ್ದರೆ ಆ ಇಡಿಯಮ್ ಹುಡುಗರಿಗೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಹೇಳುವುದಿಲ್ಲ. ಪಿಡಿಎಫ್‌ನಲ್ಲಿ ಇಲ್ಲವಲ್ಲ.

'ಒನ್ಸ್ ಇನ್ ಎ ಬ್ಲೂ ಮೂನ್' ಇನ್ನೂ ಮಜಾ ಇದೆ. ನೀಲಿ ಚಂದ್ರ ಬಂದಾಗೊಮ್ಮೆ, ಅಂದರೆ ತೀರಾ ಅಪರೂಪಕ್ಕೆ. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದು ಬ್ಲೂ ಮೂನ್ ಅಂತ ಟಿವಿಯವರು ಹೇಳುತ್ತಾರಲ್ಲ, ಅದು ಶುರುವಾದದ್ದೇ ಒಂದು ತಪ್ಪಿನಿಂದ. ಅಮೆರಿಕದ ಒಂದು ರೈತರ ಪಂಚಾಂಗದಲ್ಲಿ, ಒಂದು ಋತುವಿನಲ್ಲಿ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದನ್ನು ಬ್ಲೂ ಮೂನ್ ಅನ್ನುತ್ತಿದ್ದರು. 1946ರಲ್ಲಿ 'ಸ್ಕೈ ಅಂಡ್ ಟೆಲಿಸ್ಕೋಪ್' ಎಂಬ ಖಗೋಳ ಪತ್ರಿಕೆಯ ಲೇಖಕರೊಬ್ಬರು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಬರೆದರು. ಆ ತಪ್ಪೇ ಜಗತ್ತಿಗೆಲ್ಲ ಹಬ್ಬಿತು. (ಸುದ್ದಿಮನೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.)

ಈಗ ಲೆಕ್ಕ ನೋಡಿ. ಸೂರ್ಯನ ವರ್ಷಕ್ಕೂ ಚಂದ್ರನ ಹನ್ನೆರಡು ತಿಂಗಳಿಗೂ ಸುಮಾರು 11 ದಿನದ ವ್ಯತ್ಯಾಸ. ಅದು ಕೂಡುತ್ತಾ ಹೋಗಿ ಹೆಚ್ಚುಕಡಿಮೆ ಎರಡೂವರೆ ಮೂರು ವರ್ಷಕ್ಕೆ ಒಂದು ಹುಣ್ಣಿಮೆ ಹೆಚ್ಚಾಗುತ್ತದೆ. 19 ವರ್ಷಕ್ಕೆ ಏಳು ಸಲ. ಅವರು ಅದಕ್ಕೆ ನೀಲಿ ಚಂದ್ರ ಅಂದರು. ನಮ್ಮವರು ಅಧಿಕ ಮಾಸ ಅಂದರು. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಉಣ್ಣಿಸುವ ಮನೆಯಲ್ಲಿ ಬೆಳೆದ ಹುಡುಗಿಗೆ ಬ್ಲೂ ಮೂನ್ ಅನ್ನುವುದು ಎಲ್ಲೋ ಲಂಡನ್ನಿನ ಮಾತು ಅಂತ ಕಲಿಸುತ್ತಿದ್ದೇವೆ. ಲೆಕ್ಕ ಒಂದೇ ಕಣವ್ವಾ, ಹೆಸರು ಬೇರೆ. ಇನ್ನು ಅಪರೂಪಕ್ಕೆ ಅನ್ನಲು 'ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ' ಅನ್ನುವ ಮಾತು ನಮ್ಮಲ್ಲಿ ಇದ್ದೇ ಇದೆ. ಪಂಚಾಯಿತಿ ನಳದಲ್ಲಿ ನೀರು ಬರುವುದಕ್ಕೆ ದಿನಾ ಬಳಸುತ್ತೇವೆ.

ಅನುವಾದದ ತಪ್ಪು ಕ್ಲಾಸಿನವರದ್ದು ಮಾತ್ರ ಅಲ್ಲ. ನಮ್ಮ ವೃತ್ತಿಯವರದ್ದೇ ಹೆಚ್ಚು. 'ಸಮಯದ ವಿರುದ್ಧ ಓಟ', 'ದಿನದ ಕೊನೆಯಲ್ಲಿ ಎಲ್ಲರೂ ಮನುಷ್ಯರೇ', 'ಕುಟುಂಬದ ಜೊತೆ ಗುಣಮಟ್ಟದ ಸಮಯ', 'ಸಮಯ ಕೊಲ್ಲಲು ಮೊಬೈಲ್ ನೋಡುತ್ತಿದ್ದ'. ಇವೆಲ್ಲ ಅಚ್ಚಾಗಿ ಬರುತ್ತಿವೆ. ಕನ್ನಡದಲ್ಲಿ ಹೊತ್ತನ್ನು ಯಾರೂ ಕೊಲ್ಲುವುದಿಲ್ಲ. ಹೊತ್ತು ಕಳೆಯುತ್ತೇವೆ, ಅಥವಾ ಹೊತ್ತೇ ಹೋಗುವುದಿಲ್ಲ. ಕೆಲಸ ಸಮಯವನ್ನು 'ತೆಗೆದುಕೊಳ್ಳುವುದಿಲ್ಲ', ಹೊತ್ತು ಹಿಡಿಯುತ್ತದೆ. 'ಅಟ್ ದಿ ಎಂಡ್ ಆಫ್ ದಿ ಡೇ' ಬಗ್ಗೆ ಒಂದು ಮಾತು: 2004ರಲ್ಲಿ ಇಂಗ್ಲೆಂಡಿನ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಎಂಬ ಸಂಸ್ಥೆ ತನ್ನ ಬೆಂಬಲಿಗರನ್ನು ಅತಿ ಕಿರಿಕಿರಿ ಮಾಡುವ ಸವಕಲು ಮಾತು ಯಾವುದು ಅಂತ ಕೇಳಿತ್ತು. ಮೊದಲ ಸ್ಥಾನ ಇದಕ್ಕೇ. ಅವರೇ ಬೇಜಾರಾಗಿ ಎಸೆದದ್ದನ್ನು ನಾವು ಫೀ ಕಟ್ಟಿ ಕೊಳ್ಳುತ್ತಿದ್ದೇವೆ.

ಈಗ ದೊಡ್ಡ ಜಗಳಕ್ಕೆ ಬರೋಣ. ಟೈಮ್ ಈಸ್ ಮನಿ.

ನಮ್ಮ ಕಡೆ ಮನಿ ಅಂದರೆ ಮನೆ. 'ಟೈಮ್ ಈಸ್ ಮನಿ' ಅಂದರೆ 'ಯಾರ ಮನಿ ತಮ್ಮಾ?' ಅಂತ ಕೇಳುವ ಅಜ್ಜಿಯರು ಇನ್ನೂ ಇದ್ದಾರೆ. ಆ ಅಜ್ಜಿಯ ಪ್ರಶ್ನೆ ತಮಾಷೆಯಲ್ಲ.

ಈ ಮಾತನ್ನು ಜಗತ್ತಿಗೆ ಹಂಚಿದವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1748ರಲ್ಲಿ ಎಳೆಯ ವ್ಯಾಪಾರಿಯೊಬ್ಬನಿಗೆ ಬುದ್ಧಿ ಹೇಳಿ ಬರೆದ ಸಣ್ಣ ಬರಹ ಅದು. ಅವರ ಲೆಕ್ಕ ಹೀಗಿತ್ತು: ದಿನಕ್ಕೆ ಹತ್ತು ಶಿಲಿಂಗ್ ದುಡಿಯಬಲ್ಲವನು ಅರ್ಧ ದಿನ ಸುಮ್ಮನೆ ಕುಳಿತ, ಕುಳಿತಾಗ ಆರು ಪೆನ್ಸ್ ಖರ್ಚು ಮಾಡಿದ ಅಂತಿಟ್ಟುಕೊಳ್ಳಿ. ಅವನ ಖರ್ಚು ಬರೀ ಆರು ಪೆನ್ಸ್ ಅಲ್ಲ, ದುಡಿಯಬಹುದಾಗಿದ್ದ ಐದು ಶಿಲಿಂಗೂ ಹೋಯಿತು. ಲೆಕ್ಕ ಸರಿಯಾಗಿದೆ. ಆದರೆ ಯಾರಿಗೆ ಹೇಳಿದ್ದು ನೋಡಿ. ಸ್ವಂತ ಅಂಗಡಿ ಇರುವವನಿಗೆ. ತನ್ನ ಹೊತ್ತು ತನ್ನ ಕೈಯಲ್ಲೇ ಇರುವವನಿಗೆ.

ಆಮೇಲೆ ಕಾರ್ಖಾನೆ ಬಂತು. ಹೊತ್ತು ಮಾಲೀಕನ ಕೈಗೆ ಹೋಯಿತು. ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರಲ್ಲಿ ಇದರ ಬಗ್ಗೆಯೇ ಒಂದು ದೊಡ್ಡ ಲೇಖನ ಬರೆದರು. ಮುಂಜಾನೆ ಗಡಿಯಾರ ಮುಂದೆ ಇಟ್ಟು, ಸಂಜೆ ಹಿಂದೆ ತಿರುಗಿಸಿ, ಕೂಲಿಯವರಿಂದ ಹೆಚ್ಚು ದುಡಿಸಿದ ಮಿಲ್ ಮಾಲೀಕರು ಇದ್ದರಂತೆ. ಈ ಮೋಸ ಗೊತ್ತಾಗಬಾರದು ಅಂತ ಕೂಲಿಯವರು ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳುವುದಕ್ಕೇ ಹೆದರುವ ಸ್ಥಿತಿ ಕೆಲವು ಕಡೆ ಇತ್ತು. ನಸುಕಿನಲ್ಲಿ ಉದ್ದ ಕೋಲು ಹಿಡಿದು ಮನೆ ಮನೆ ಕಿಟಕಿ ಬಡಿದು ಕೂಲಿಯವರನ್ನು ಎಬ್ಬಿಸುವುದೇ ಅಲ್ಲಿ ಕೆಲವರಿಗೆ ಉದ್ಯೋಗವಾಗಿತ್ತು. ಅಂದರೆ ಇಂಗ್ಲಿಷ್ ಜನ ಹುಟ್ಟುತ್ತಲೇ ಕೈಗೆ ವಾಚು ಕಟ್ಟಿಕೊಂಡು ಬಂದವರಲ್ಲ. ಅವರನ್ನು ಬಡಿದು ಎಬ್ಬಿಸಲಾಯಿತು, ದಂಡ ಹಾಕಿ ಕಲಿಸಲಾಯಿತು.

ಬ್ರಿಸ್ಟಲ್ ಎಂಬ ಊರಿನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಇವತ್ತಿಗೂ ಎರಡು ನಿಮಿಷದ ಮುಳ್ಳು. ಒಂದು ಬ್ರಿಸ್ಟಲ್ ಟೈಮು, ಇನ್ನೊಂದು ಲಂಡನ್ ಟೈಮು, ನಡುವೆ ಹತ್ತು ನಿಮಿಷ. ರೈಲು ಬಂದ ಮೇಲೆ ಲಂಡನ್ ಟೈಮನ್ನೇ ಎಲ್ಲರೂ ಒಪ್ಪಬೇಕಾಯಿತು. ಕಾನೂನು ಆದದ್ದು 1880ರಲ್ಲಿ. ನಮ್ಮ ದೇಶಕ್ಕೆ ಒಂದೇ ಟೈಮ್ ಬಂದದ್ದು 1906ರಲ್ಲಿ. ಬಾಂಬೆ ಮಾತ್ರ 1955ರವರೆಗೂ 39 ನಿಮಿಷ ಹಿಂದಿನ ತನ್ನ ಟೈಮನ್ನು ಬಿಡಲೇ ಇಲ್ಲ. ನಮ್ಮ ಪಕ್ಕದ ಮಹಾನಗರವೇ ಹಾಗಿತ್ತು. ನೆಪ್ಪಿಟ್ಟುಕೊಳ್ಳಿ, ಮುಂದಿನ ಸಲ ಯಾರಾದರೂ ಇಂಡಿಯನ್ ಟೈಮಾ ಅಂತ ನಕ್ಕರೆ ಉಪಯೋಗಕ್ಕೆ ಬರುತ್ತದೆ.

ಸರಿ, ಟೈಮ್ ಈಸ್ ಮನಿ ಅಂತಲೇ ಒಪ್ಪಿಕೊಳ್ಳೋಣ. ಫ್ರಾಂಕ್ಲಿನ್ ಲೆಕ್ಕವನ್ನೇ ನಮ್ಮ ನಾಡಕಚೇರಿಗೆ ಹಾಕೋಣ.

ವಿಧವಾ ವೇತನಕ್ಕೆ ಅರ್ಜಿ ಹಾಕಿದ ಅಕ್ಕ ಒಬ್ಬಳು ಮೂರು ಸಲ ಬಂದು ಹೋಗಬೇಕಾಯಿತು ಅಂತಿಟ್ಟುಕೊಳ್ಳಿ. ಒಂದು ದಿನ ಸರ್ವರ್ ಇಲ್ಲ. ಇನ್ನೊಂದು ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ. ಮೂರನೇ ದಿನ ಆಧಾರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ. 2025-26ಕ್ಕೆ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಮೂರು ದಿನಕ್ಕೆ 1,110. ಬಸ್ಸು ಫ್ರೀ ಇರಬಹುದು, ಹೊತ್ತು ಫ್ರೀ ಅಲ್ಲ. ಆದರೆ ಈ 1,110 ರೂಪಾಯಿ ಯಾರ ಲೆಕ್ಕದಲ್ಲಿ ಬರುತ್ತದೆ? ಯಾವ ಕಡತದಲ್ಲೂ ಇಲ್ಲ. 'ಬಾಳ ಹೊತ್ತಾತ್ರೀ ಸಾಹೇಬ್ರ' ಅಂದರೆ 'ನಿಮಗೇನು ಕೆಲಸ ಇದೆ, ಕೂತ್ಕೋ ಯಮ್ಮಾ' ಎಂಬ ಉತ್ತರ. ಅದೇ ಕಚೇರಿಯ ಗೋಡೆ ಮೇಲೆ ಸಮಯ ಪಾಲನೆ ಬಗ್ಗೆ ಸೂಕ್ತಿ ಬರೆಸಿರುತ್ತಾರೆ.

ನಮ್ಮ ರಾಜ್ಯದಲ್ಲಿ ಸಕಾಲ ಅಂತ ಒಂದು ಕಾಯ್ದೆ ಇದೆ, 2011ರದ್ದು, 2012ರಿಂದ ಜಾರಿಯಲ್ಲಿದೆ. ಒಳ್ಳೆ ಕಾಯ್ದೆ. ಇಂಥ ಕೆಲಸ ಇಷ್ಟು ದಿನದಲ್ಲಿ ಆಗಬೇಕು, ಆಗದಿದ್ದರೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು, ಅದು ತಡ ಮಾಡಿದ ಅಧಿಕಾರಿಯಿಂದ ವಸೂಲಾಗಬೇಕು ಅಂತ ಅದರಲ್ಲಿದೆ. ಪರಿಹಾರ ಎಷ್ಟು? ದಿನಕ್ಕೆ 20 ರೂಪಾಯಿ. ಎಷ್ಟೇ ತಡವಾದರೂ 500 ದಾಟುವಂತಿಲ್ಲ. ಅಂದರೆ 25 ದಿನ ತಡವಾದ ಮೇಲೆ ಮೀಟರ್ ನಿಂತಿತು. ಆ ಅಕ್ಕನ ಒಂದು ದಿನ ಹೋದರೆ 370, ಕಚೇರಿ ಒಂದು ದಿನ ತಡ ಮಾಡಿದರೆ 20.

ಉದ್ಯೋಗ ಖಾತ್ರಿಯಲ್ಲಿ ಇನ್ನೂ ಚೆಂದ. 2005ರ ಆ ಕಾಯ್ದೆ ಪ್ರಕಾರ ಕೂಲಿ 15 ದಿನದೊಳಗೆ ಬರಬೇಕಿತ್ತು. ಹದಿನಾರನೇ ದಿನದಿಂದ ತಡವಾದ ಪ್ರತಿ ದಿನಕ್ಕೆ ಬಾಕಿ ಕೂಲಿಯ ಶೇಕಡಾ 0.05ರಷ್ಟು ಪರಿಹಾರ ಅಂತ ಬರೆದರು. ಆರು ದಿನ ಗುಂಡಿ ತೋಡಿದವರಿಗೆ 2,220 ರೂಪಾಯಿ ಬರಬೇಕು. ಅದಕ್ಕೆ 0.05 ಶೇಕಡಾ ಎಷ್ಟು ಅಂತ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ. ಒಂದು ರೂಪಾಯಿ ಹನ್ನೊಂದು ಪೈಸೆ. ಒಂದು ದಿನ ತಡದ ಬೆಲೆ ಅದು. ಒಂದು ಕಪ್ ಚಹಾ ಬೇಕಾದರೆ ಸುಮಾರು ಹತ್ತು ದಿನ ತಡವಾಗಬೇಕು.

ಇನ್ನೊಂದು ಕಡೆ, 2023ರ ಜನವರಿ 1ರಿಂದ ಕೂಲಿಯವರ ಹಾಜರಿ ಮೊಬೈಲ್ ಆ್ಯಪ್‌ನಲ್ಲೇ ಆಗಬೇಕು ಅಂತಾಯಿತು. ದಿನಕ್ಕೆ ಎರಡು ಸಲ ಫೋಟೊ, ಫೋಟೊ ಮೇಲೆ ಗಂಟೆ ನಿಮಿಷದ ಸಮೇತ ಮೊಹರು, ಯಾವ ಜಾಗ ಅಂತಲೂ ಗುರುತು. ನೆಟ್‌ವರ್ಕ್ ಸಿಗದ ಕೆರೆ ಅಂಗಳದಲ್ಲಿ ಎರಡನೇ ಫೋಟೊ ಹೋಗಲಿಲ್ಲ ಅಂದರೆ, ಮುಂಜಾನೆಯಿಂದ ಹೊತ್ತ ಮಣ್ಣಿಗೆ ಉತ್ತರ ಕೊಡುತ್ತಾ ನಿಲ್ಲಬೇಕಾದವರು ಕೂಲಿಯವರೇ. ಅವರ ಹೊತ್ತು ನಿಮಿಷದ ಲೆಕ್ಕದಲ್ಲಿ ಅಳೆಯುತ್ತಾರೆ. ಕೊಡುವವರ ಹೊತ್ತು ಪೈಸೆಯ ಲೆಕ್ಕದಲ್ಲಿ. ಮಿಲ್ ಮಾಲೀಕ ಗಡಿಯಾರ ತಿರುಗಿಸಿದ್ದಕ್ಕೂ ಇದಕ್ಕೂ ದೂರ ಬಹಳವಿಲ್ಲ.

ಟೈಮ್ ಈಸ್ ಮನಿ ಅಂತ ಕಲಿಸುವವರು ಈ ಲೆಕ್ಕವನ್ನೂ ಕಲಿಸಲಿ. ಫೀ ಕಟ್ಟಲು ನಾನೂ ಬರುತ್ತೇನೆ.

ಡೆಡ್‌ಲೈನ್ ಬಗ್ಗೆ ಹೇಳದಿದ್ದರೆ ನಾನು ಪತ್ರಕರ್ತನೇ ಅಲ್ಲ. ಡಿಪ್ಲೊಮಾ ಮಾಡುವಾಗ ಮೊದಲ ವಾರವೇ ಹೇಳಿಕೊಟ್ಟ ಪದ. ಎಲ್ಲಿಂದ ಬಂತು ಅಂತ ಹೇಳಿಕೊಡಲಿಲ್ಲ. ಅಮೆರಿಕದಲ್ಲಿ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದಾಗ, 1864ರಲ್ಲಿ, ಜಾರ್ಜಿಯಾದ ಆಂಡರ್‌ಸನ್‌ವಿಲ್‌ನಲ್ಲಿ ಸೆರೆಸಿಕ್ಕ ಸೈನಿಕರಿಗಾಗಿ ಒಂದು ಬಂದೀಖಾನೆ ಮಾಡಿದರು. ಸುತ್ತ ಎತ್ತರದ ಮರದ ಗೋಡೆ. ಗೋಡೆಯಿಂದ ಸುಮಾರು 19 ಅಡಿ ಒಳಗೆ ಗೂಟ ನೆಟ್ಟು ಪಟ್ಟಿ ಹೊಡೆದ ಗಿಡ್ಡ ಬೇಲಿ. ಅದರ ಹೆಸರೇ ಡೆಡ್‌ಲೈನ್. ದಾಟಿದವನನ್ನು, ಮುಟ್ಟಿದವನನ್ನೂ, ಮೇಲಿಂದ ಕಾವಲುಗಾರ ಗುಂಡಿಟ್ಟು ಕೊಲ್ಲಬಹುದಿತ್ತು. ಸುಮಾರು 45,000 ಜನ ಅಲ್ಲಿಗೆ ಬಂದರು, 13,000ದ ಹತ್ತಿರ ಸತ್ತರು. ಹೆಚ್ಚಿನವರು ಸತ್ತದ್ದು ಗುಂಡಿನಿಂದಲ್ಲ, ಹಸಿವಿನಿಂದ, ಭೇದಿಯಿಂದ, ಕೊಳಕು ನೀರಿನಿಂದ. ಅದರ ಮುಖ್ಯಸ್ಥ ಹೆನ್ರಿ ವಿರ್ಜ್‌ನನ್ನು 1865ರಲ್ಲಿ ಗಲ್ಲಿಗೆ ಹಾಕಿದರು. 20ನೇ ಶತಮಾನದಲ್ಲಿ ಅಮೆರಿಕದ ಸುದ್ದಿಮನೆಗಳು ಈ ಪದವನ್ನು ಟೈಮಿಗೆ ಬಳಸತೊಡಗಿದವು.

ನಮ್ಮಲ್ಲಿ ಗಡುವು ಇದೆ, ವಾಯಿದೆ ಇದೆ. ವಾಯಿದೆ ಅನ್ನುವುದು ಮನುಷ್ಯರ ನಡುವಿನ ಪದ. ಕೇಳಬಹುದು, ಕೊಡಬಹುದು. 'ಇನ್ನೊಂದು ತಿಂಗಳು ವಾಯಿದೆ ಕೊಡ್ರಿ ಅಣ್ಣಾ, ರಾಶಿ ಆದ ಮ್ಯಾಲೆ ಮುಟ್ಟಿಸ್ತೀನಿ.' ಬೆಳೆಗೂ ವಾಯಿದೆ ಉಂಟು, ಮಳೆ ಒಂದು ವಾರ ಹಿಂದೆ ಮುಂದೆ ಆದರೆ ಬಿತ್ತನೆಯೂ ಆಗುತ್ತದೆ. ಡೆಡ್‌ಲೈನಿನಲ್ಲಿ ಕೇಳುವುದಕ್ಕೆ ಏನಿಲ್ಲ. ಮೇಲೆ ಬಂದೂಕು ಹಿಡಿದವನು ಇದ್ದಾನೆ.

ನನ್ನಂಥ ಸ್ಟ್ರಿಂಗರ್‌ಗಳ ಸ್ಥಿತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಆರರೊಳಗೆ ಸುದ್ದಿ, ಫೋಟೊ, ಶೀರ್ಷಿಕೆ ಹೋಗಬೇಕು. ಆರೂ ಐದಕ್ಕೆ ಕಳಿಸಿದರೆ ಪುಟ ಮುಚ್ಚಿತು. ಇದು ಸರಿ, ಪತ್ರಿಕೆ ಅಚ್ಚಾಗಬೇಕಲ್ಲ. ಆದರೆ ಸುದ್ದಿಗಿಷ್ಟು ಅಂತ ಬರುವ ಗೌರವಧನಕ್ಕೆ ಡೆಡ್‌ಲೈನ್ ಇಲ್ಲ. ನಾನು ಮೊದಲು ಬರೆಯುತ್ತಿದ್ದ ಪತ್ರಿಕೆಯೊಂದರಲ್ಲಿ ಐದು ತಿಂಗಳ ದುಡ್ಡು ಕೇಳಿದಾಗ ಬಂದ ಉತ್ತರ 'ಪ್ರೊಸೆಸ್‌ನಲ್ಲಿದೆ'. ಎಷ್ಟು ದಿನದ ಪ್ರೊಸೆಸ್ ಅಂತ ಕೇಳಿದ್ದಕ್ಕೆ ಫೋನ್ ಕಟ್ ಆಯಿತು. ಗ್ರಾಮ ಪಂಚಾಯಿತಿ ಕೂಲಿ ಬಾಕಿಯ ಸುದ್ದಿಯನ್ನು ಅದೇ ವಾರ ಅದೇ ಪತ್ರಿಕೆಗೆ ಬರೆದು ಕಳಿಸಿದ್ದೆ. ಟೈಮಿಗೆ ಸರಿಯಾಗಿ.

ಇಷ್ಟು ಬೈದ ಮೇಲೆ ನನಗೆ ಇಷ್ಟವಾದ ಒಂದು ಮಾತನ್ನೂ ಹೇಳಬೇಕು. ಇಲೆವೆಂತ್ ಅವರ್. ಹನ್ನೊಂದನೇ ಗಂಟೆ. ಪಿಡಿಎಫ್‌ನಲ್ಲಿ 'ಕೊನೆ ಗಳಿಗೆ' ಅಂತ ಅರ್ಥ ಕೊಟ್ಟು ಮುಗಿಸಿದ್ದಾರೆ. ರಾತ್ರಿ ಹನ್ನೊಂದು ಗಂಟೆ ಅಂತ ಹುಡುಗರು ತಿಳಿದುಕೊಂಡಿದ್ದಾರೆ. ಅಲ್ಲ.

ಅದು ಬೈಬಲ್ಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಏಸು ಹೇಳುವ ಕಥೆಯಿಂದ ಬಂದದ್ದು. ಆಗ ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ಹನ್ನೆರಡು ಗಂಟೆ ಅಂತ ಲೆಕ್ಕ. ಹನ್ನೊಂದನೇ ಗಂಟೆ ಅಂದರೆ ಸಂಜೆ ಐದರ ಸುಮಾರು. ದ್ರಾಕ್ಷಿ ತೋಟದ ಯಜಮಾನನೊಬ್ಬ ನಸುಕಿನಲ್ಲೇ ಪೇಟೆಗೆ ಹೋಗಿ ದಿನಕ್ಕೊಂದು ದಿನಾರಿ ಅಂತ ಮಾತಾಡಿ ಕೂಲಿಯವರನ್ನು ಕರೆತರುತ್ತಾನೆ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೆ ಹೋಗುತ್ತಾನೆ. ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇರುತ್ತಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಅಂತ ಕೇಳಿದರೆ, ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ. ಅವರನ್ನೂ ಕರೆದುಕೊಂಡು ಹೋಗಿ, ಒಂದೇ ಗಂಟೆ ದುಡಿದ ಅವರಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಮುಂಜಾನೆಯಿಂದ ದುಡಿದವರು ಗೊಣಗುತ್ತಾರೆ. ಆದರೂ ಕೊಡುತ್ತಾನೆ.

ಧರ್ಮದ ಅರ್ಥ ಏನೇ ಇರಲಿ, ಅದು ಪಾದ್ರಿಗಳಿಗೆ ಬಿಟ್ಟದ್ದು. ನನಗೆ ಕಾಣುವುದು ಕೂಲಿ ನಿಲ್ಲುವ ಸರ್ಕಲ್. ಮುಂಜಾನೆ ಏಳಕ್ಕೆ ನಮ್ಮ ಜಿಲ್ಲಾ ಕೇಂದ್ರಕ್ಕೆ ಬನ್ನಿ. ಬುತ್ತಿ ಗಂಟು, ಸಲಿಕೆ, ಕರಣೆ ಹಿಡಿದು ಗಂಡಸರು ಹೆಂಗಸರು ನಿಂತಿರುತ್ತಾರೆ. ಗಾರೆ ಮೇಸ್ತ್ರಿ ಬಂದು ಗಟ್ಟಿಮುಟ್ಟಾದವರನ್ನು ಆರಿಸಿಕೊಂಡು ಹೋಗುತ್ತಾನೆ. ಹತ್ತು ಗಂಟೆ ಆದರೂ ನಿಂತಿರುವವರು ವಯಸ್ಸಾದವರು. ಅವರು ಟೈಮ್ ವೇಸ್ಟ್ ಮಾಡುತ್ತಿಲ್ಲ. ಅವರ ಟೈಮನ್ನು ಯಾರೂ ಕೊಳ್ಳಲಿಲ್ಲ, ಅಷ್ಟೇ. ಎರಡು ಸಾವಿರ ವರ್ಷದ ಹಿಂದಿನ ಕಥೆಗೆ ಅದು ಗೊತ್ತಿತ್ತು. ಇಂಗ್ಲಿಷ್ ಆ ಕಥೆಯಿಂದ ಕೂಲಿಯವರನ್ನು ಕೈಬಿಟ್ಟು ಗಡಿಯಾರ ಮಾತ್ರ ಇಟ್ಟುಕೊಂಡಿತು.

'ನೀವು ಇಷ್ಟೆಲ್ಲ ಬರೆಯುತ್ತೀರಿ, ನಮ್ಮ ಮಕ್ಕಳಿಗೆ ಬೆಂಗಳೂರಲ್ಲಿ ಕೆಲಸ ಬೇಡವೇ?' ಅಂತ ಕೇಳುವವರಿದ್ದಾರೆ. ಬೇಕು. ಅದಕ್ಕೇ ಹೇಳುತ್ತಿರುವುದು. ಇಂಟರ್‌ವ್ಯೂನಲ್ಲಿ ಬ್ಲೂ ಮೂನ್ ಅಂದಿದ್ದಕ್ಕೆ ಕೆಲಸ ಕೊಟ್ಟವರನ್ನು ನಾನು ಕಂಡಿಲ್ಲ. 'ನೀನು ಹಿಂದಿನ ಕೆಲಸ ಯಾಕೆ ಬಿಟ್ಟೆ' ಅಂದರೆ ನಾಲ್ಕು ಸರಳ ವಾಕ್ಯದಲ್ಲಿ ಹೇಳುವುದು ಬರಬೇಕು. ಬಾಯಿಪಾಠ ಮಾಡಿದ ಇಡಿಯಮ್ ನಡುವೆ ಸಿಕ್ಕಿಸಿದರೆ ಬಾಡಿಗೆ ಸೂಟು ಹಾಕಿದ ಮದುಮಗನಂತೆ ಕಾಣುತ್ತದೆ. ಮೂರು ತಿಂಗಳ ಫೀಗೆ ಅರ್ಜಿ ಬರೆಯಲು, ಫೋನಿನಲ್ಲಿ ಮಾತಾಡಲು, ಸಂಬಳದ ಕಾಗದದಲ್ಲಿ ಏನು ಬರೆದಿದೆ ಅಂತ ಓದಲು ಕಲಿಸಲಿ. ಕೆಲಸದ ಅವಧಿ ಎಷ್ಟು ಗಂಟೆ, ಓವರ್‌ಟೈಮಿಗೆ ದುಡ್ಡು ಎಷ್ಟು, ನೋಟಿಸ್ ಪೀರಿಯಡ್ ಅಂದರೇನು. ಇವೂ ಟೈಮಿನ ಇಂಗ್ಲಿಷ್ ಪದಗಳೇ. ಗಾರ್ಮೆಂಟ್ಸಿಗೆ ಹೋಗುವ ನಮ್ಮೂರ ಹೆಣ್ಣುಮಕ್ಕಳಿಗೆ ಮೊದಲು ಬೇಕಾದದ್ದು ಇವು. ಯಾವ ಪಿಡಿಎಫ್‌ನಲ್ಲೂ ನಾನು ನೋಡಿಲ್ಲ.

ಇನ್ನೊಂದು ಇಂಗ್ಲಿಷ್ ಮಾತನ್ನು ಮಾತ್ರ ದಯವಿಟ್ಟು ಎಲ್ಲರೂ ಕಲಿಯಿರಿ, ಮನೆಯವರಿಗೂ ಕಲಿಸಿ. ಗೋಲ್ಡನ್ ಅವರ್. ಅಪಘಾತವಾದ ಮೇಲಿನ ಮೊದಲ ಒಂದು ಗಂಟೆ. ಆ ಹೊತ್ತಿನಲ್ಲಿ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ ಈ ಮಾತನ್ನು ಕಾನೂನಿನಲ್ಲೇ ಬರೆದರು. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆ ಪ್ರಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ ಸಿಗಬೇಕು. 'ಮೊದಲು ದುಡ್ಡು ಕಟ್ಟಿ' ಅಂದರೆ ಈ ಮಾತು ತೆಗೆಯಿರಿ. ಇಂಗ್ಲಿಷಿನಲ್ಲೇ ತೆಗೆಯಿರಿ. ಇದಕ್ಕೆ 'ಸುವರ್ಣ ಗಂಟೆ' ಅಂತ ಚೆಂದದ ಅನುವಾದ ಮಾಡಿ ಕೂರುವ ಹೊತ್ತಲ್ಲ ಅದು. ನಮ್ಮ ಎಷ್ಟೋ ಹಳ್ಳಿಗಳಿಂದ ತಾಲೂಕು ಆಸ್ಪತ್ರೆ ಮುಟ್ಟುವಷ್ಟರಲ್ಲೇ ಆ ಗಂಟೆ ಮುಗಿದಿರುತ್ತದೆ ಅನ್ನುವುದು ಬೇರೆ ಲೇಖನದ ವಿಷಯ. ಬರೆಯುತ್ತೇನೆ.

ಹೋಗುವ ಮೊದಲು ಸಕಾಲದ ಒಂದು ಮಾತು. ತೊಂಬತ್ತರ ದಶಕದಲ್ಲಿ ದೆವ್ವ ಬಂದು ಬಾಗಿಲು ಬಡಿಯುತ್ತದೆ ಅಂತ ಸುದ್ದಿ ಹಬ್ಬಿ, ಊರೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗಬೇಕು, ಮರುದಿನ ಮತ್ತೆ ಅದನ್ನೇ ಓದಬೇಕು. ದೆವ್ವ ಹೋಯಿತು, ಬರಹ ಕಚೇರಿಗಳಲ್ಲಿ ಉಳಿದಿದೆ. ನಿಮಗೆ ಯಾರಾದರೂ ನಾಳೆ ಬಾ ಅಂದರೆ ಜಗಳ ಮಾಡಬೇಡಿ. ಸಕಾಲದಲ್ಲಿ ಬರುವ ಅರ್ಜಿಯಾದರೆ ಸ್ವೀಕೃತಿ ಚೀಟಿ ಕೇಳಿ. ಅದರಲ್ಲಿ ಜಿಎಸ್‌ಸಿ ನಂಬರ್ ಅಂತ 15 ಅಂಕಿ ಇರುತ್ತದೆ, ಯಾವ ದಿನದೊಳಗೆ ಕೆಲಸ ಆಗಬೇಕು ಅಂತಲೂ ಇರುತ್ತದೆ. ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ದಿನ ದಾಟಿದರೆ ಮೇಲ್ಮನವಿ ಹಾಕಿ. ಇಪ್ಪತ್ತು ರೂಪಾಯಿ ಆದರೂ ಸರಿ, ಬಿಡಬೇಡಿ. ಅದು ಅವರ ಸಂಬಳದಿಂದ ಹೋಗುವ ಇಪ್ಪತ್ತು.